ಕೆರೆಯ ನೀರಿಗೆ ಬೇರೆ ಮನೆ: ಪಿಳ್ಳಾರಿ ಗೀತೆಯಿಂದ ಸಿನಿಮಾ ಹಾಡು ಮಾಡಿದ ನನ್ನ ಅನುಭವ

ದ ಸ ಸ, ದ ಪ, ಮ ಪ. ಈ ಏಳು ಅಕ್ಷರ ಹಾಡದೆ ಸರಳೆ, ಜಂಟಿ ಎಂಬ ಆರಂಭದ ಸ್ವರಾಭ್ಯಾಸ ದಾಟಿ ಮುಂದೆ ಹೋದವರು ನಮ್ಮ ಕಸುಬಿನಲ್ಲಿ ಕಡಿಮೆ. ಮಲಹರಿ ರಾಗ, ತ್ರಿಪುಟ ತಾಳ, ‘ಕೆರೆಯ ನೀರನು ಕೆರೆಗೆ ಚೆಲ್ಲಿ’: ಸಂಗೀತ ಕಲಿಯುವ ಮಕ್ಕಳ ಮೊದಲ ಪಾಠಗಳಾದ ಪುರಂದರದಾಸರ ಪಿಳ್ಳಾರಿ ಗೀತೆಗಳಲ್ಲೊಂದು. 2024ರ ಮಳೆಗಾಲದಲ್ಲಿ ಈ ಗೀತೆಯ ಮೇಲೆ ಸಿನಿಮಾ ಹಾಡು ಕಟ್ಟುತ್ತೇನೆ ಎಂದಾಗ ನಿರ್ದೇಶಕ ನಕ್ಕ. ನಿರ್ಮಾಪಕರು ಅದು ಯಾವ ಗೀತೆ ಎಂದು ಕೇಳಿ, ನಾನು ಎರಡು ಸಾಲು ಹಾಡಿದ ಮೇಲೆ ನಕ್ಕರು. ಇಪ್ಪತ್ತು ವರ್ಷದಿಂದ ನನ್ನ ರೆಕಾರ್ಡಿಂಗ್‌ಗಳಿಗೆ ಪಿಟೀಲು ನುಡಿಸುತ್ತಿರುವ ವಿದ್ವಾಂಸರು ಮಾತ್ರ ನಗಲಿಲ್ಲ, ಬೈದರು. ‘ಮಕ್ಕಳ ಪಾಠವನ್ನಾದರೂ ಬಿಡಪ್ಪ’ ಎಂದರು.

ಹಾಡು 2025ರ ದೀಪಾವಳಿಯ ಹೊತ್ತಿಗೆ ಹೊರಗೆ ಬಂತು. ಚಿತ್ರ ಎರಡನೇ ವಾರ ದಾಟಲಿಲ್ಲ, ಹಾಡು ದಾಟಿತು. ಯೂಟ್ಯೂಬಿನಲ್ಲಿ ಹದಿನಾಲ್ಕು ಲಕ್ಷದ ಆಸುಪಾಸು ಇದೆ. ನನ್ನ ಮಟ್ಟಿಗೆ ಅದು ದೊಡ್ಡ ಸಂಖ್ಯೆ. ಹಿಂದಿನ ಮೂರು ಚಿತ್ರಗಳ ಎಲ್ಲ ಹಾಡು ಕೂಡಿಸಿದರೂ ಅಷ್ಟಾಗುವುದಿಲ್ಲ. ಸಂಖ್ಯೆಗಿಂತ ಹೆಚ್ಚು ಖುಷಿ ಕೊಟ್ಟದ್ದು ಬೇರೆ. ದಿನಾ ಸಂಜೆ ಹದಿನೈದು ಮಕ್ಕಳಿಗೆ ಇದೇ ಗೀತೆ ಹೇಳಿಕೊಡುವ ನಮ್ಮ ಪಕ್ಕದ ಮನೆಯ ಟೀಚರು ಹಾಡನ್ನು ಎರಡು ಸಲ ಕೇಳಿ, ‘ಅಮೃತವರ್ಷಿಣಿ ಚೆನ್ನಾಗಿ ಬಂದಿದೆ’ ಎಂದರು. ಅದು ಬೇರೆಯದೇ ರಾಗ, ಒಳಗಿರುವ ಗೀತೆಯ ಗುರುತು ಅವರಿಗೂ ಸಿಕ್ಕಿರಲಿಲ್ಲ. ಅವರ ಮನೆಯೊಳಗಿನಿಂದ ಆ ಗಳಿಗೆಯಲ್ಲೇ ಮಗುವೊಂದು ‘ಕೆರೆಯ ನೀರನು’ ಕಿರುಚುತ್ತಿತ್ತು.

ಈ ದಾರಿ ಸಿಗುವ ಮೊದಲು ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ. ಅದನ್ನು ಬಿಟ್ಟು ಬರೆದರೆ ಇದೆಲ್ಲ ತಲೆಗೆ ಹೊಳೆದ ಬುದ್ಧಿವಂತಿಕೆ ಎಂದುಕೊಂಡೀರಿ.

ಮೊದಲನೆಯದು 2017ರಲ್ಲಿ. ನಿರ್ದೇಶಕರಿಗೆ ‘ಶಾಸ್ತ್ರೀಯ ಸ್ಪರ್ಶ’ ಬೇಕಿತ್ತು. ಈ ಎರಡು ಪದ ಕೇಳಿದ ಕೂಡಲೇ ನಾವೆಲ್ಲ ಏನು ಮಾಡುತ್ತೇವೆಯೋ ಅದನ್ನೇ ಮಾಡಿದೆ: ಕಛೇರಿಯಲ್ಲಿ ಚಪ್ಪಾಳೆ ಬೀಳುವ ಕೃತಿಯೊಂದರ ಪಲ್ಲವಿ ಎತ್ತಿಕೊಂಡು ಕೆಳಗೆ ಡ್ರಮ್ಸ್ ಹಾಕಿದೆ. ಖಮಾಚ್ ರಾಗದ ‘ಬ್ರೋಚೇವಾರೆವರುರಾ’. ಹಾಡು ರೆಕಾರ್ಡ್ ಆಯಿತು, ಮಿಕ್ಸ್ ಆಯಿತು, ನಾಯಕನಿಗೆ ಇಷ್ಟವೂ ಆಯಿತು. ಆಡಿಯೋ ಕಂಪನಿಯ ವಕೀಲರು ಮೂಲ ರಚನೆ ಯಾರದು ಎಂದು ಕಾಗದ ಕಳಿಸಿದರು. ‘ತ್ಯಾಗರಾಜರು’ ಎಂದು ದಿಟ್ಟವಾಗಿ ಬರೆದು ಸಹಿ ಹಾಕಿದೆ. ತೆಲುಗು ಸಾಹಿತ್ಯ, ಖಮಾಚ್, ಎಲ್ಲರೂ ಹಾಡುವ ಕೃತಿ, ಇನ್ನಾರದು? ಅದು ಮೈಸೂರು ವಾಸುದೇವಾಚಾರ್ಯರದು. ಅವರು ತೀರಿಕೊಂಡದ್ದು 1961ರಲ್ಲಿ. ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕರ್ತೃ ತೀರಿದ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಹಕ್ಕು ಉಳಿಯುತ್ತದೆ. ಅಂದರೆ 2021ರ ಕೊನೆಯ ತನಕ ಆ ಕೃತಿ ಯಾರ ಅಪ್ಪನ ಆಸ್ತಿಯೂ ಅಲ್ಲ ಎನ್ನುವಂತಿರಲಿಲ್ಲ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ಆಸ್ಥಾನ ವಿದ್ವಾಂಸರ ಹೆಸರೇ ಗೊತ್ತಾಗಲಿಲ್ಲವೆಂದರೆ ಹೇಗಿರುತ್ತದೆ ನೋಡಿ. ಹಾಡು ಚಿತ್ರದಿಂದ ಹೊರಬಿತ್ತು. ಸುಮಾರು 1.75 ಲಕ್ಷ ಹೋಯಿತು, ಅದರಲ್ಲಿ ಅರ್ಧ ನನ್ನ ಜೇಬಿನದು.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ ರಾಗವಿಲ್ಲ, ತಾಳವಿಲ್ಲ, ವಾಗ್ಗೇಯಕಾರರು ತೀರಿದ ವರ್ಷಗಳಿವೆ. ತ್ಯಾಗರಾಜರು 1847, ದೀಕ್ಷಿತರು 1835, ಶ್ಯಾಮಾಶಾಸ್ತ್ರಿಗಳು 1827: ಕಣ್ಣು ಮುಚ್ಚಿ ಮುಟ್ಟಬಹುದು. ವೀಣೆ ಶೇಷಣ್ಣನವರು 1926, ಮುತ್ತಯ್ಯ ಭಾಗವತರು 1945: ಅವರದೂ ಆಯಿತು. ಜಯಚಾಮರಾಜ ಒಡೆಯರು 1974. ಅವರ ಕೃತಿಗಳ ಮೇಲೆ ಎಷ್ಟು ಆಸೆ ಇದ್ದರೂ 2034 ಮುಗಿಯುವ ತನಕ ಕೈ ಕಟ್ಟಿ ಕೂರಬೇಕು. ಇನ್ನೊಂದು ಹಳ್ಳ ದಾಸರ ಪದಗಳಲ್ಲಿದೆ. ಪದ ಐನೂರು ವರ್ಷ ಹಳೆಯದು, ನಮ್ಮ ಕಿವಿಯಲ್ಲಿರುವ ಮಟ್ಟು ಕಳೆದ ಶತಮಾನದ್ದಾಗಿರಬಹುದು, ಅದನ್ನು ಕೂರಿಸಿದವರ ಮೊಮ್ಮಕ್ಕಳು ಇದೇ ಊರಿನಲ್ಲಿರಬಹುದು. ಪಿಳ್ಳಾರಿ ಗೀತೆಗಳ ಅನುಕೂಲ ಅದೇ. ಸ್ವರಸಮೇತ ಪಾಠದ ಪುಸ್ತಕಗಳಲ್ಲಿ ತಲೆಮಾರುಗಳಿಂದ ಅಚ್ಚಾಗುತ್ತಾ ಬಂದಿವೆ. ಪುರಂದರದಾಸರು 1564ರಲ್ಲಿ ಹೋದರು. ದಾವೆ ಹೂಡಲು ಯಾರೂ ಉಳಿದಿಲ್ಲ.

ಎರಡನೇ ಸೋಲು ಹಣದ್ದಲ್ಲ, ಮಾನದ್ದು. ಇಡೀ ಸಾಲು ಎತ್ತಿದರೆ ಅಪಾಯ ಎಂದುಕೊಂಡು, ಕೃತಿಯ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಸ್ವರ ತಿರುಚಲು ಹೊರಟೆ. ನಮ್ಮಲ್ಲಿ ಬಹಳ ಜನ ಮಾಡುವುದು ಇದನ್ನೇ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ಎರಡು ವಾರ ತಿರುಚಿದೆ. ಕೊನೆಗೆ ಹುಟ್ಟಿದ್ದು ಹೊಸ ಹಾಡಲ್ಲ; ಒಳ್ಳೆಯ ಕೃತಿಯೊಂದನ್ನು ಅರ್ಧ ಮರೆತವನು ಹಾಡುತ್ತಿರುವ ಹಾಗೆ ಇತ್ತು. ಗೊತ್ತಿದ್ದವರಿಗೆ ಕಳ್ಳತನ ಕಾಣುತ್ತದೆ, ಗೊತ್ತಿಲ್ಲದವರಿಗೆ ಹಾಡೇ ಕಾಣುವುದಿಲ್ಲ. ಆ ಫೈಲನ್ನು ಅಳಿಸಿಯೂಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಚಿತ್ರದಲ್ಲಿ ಒಂದು ಸನ್ನಿವೇಶ: ಊರಿನವರು ಸೇರಿ ಹೂಳೆತ್ತಿದ ಕೆರೆಗೆ ಮೊದಲ ಮಳೆ ಬೀಳುತ್ತದೆ. ಸನ್ನಿವೇಶ ಕೇಳಿದ ದಿನವೇ ‘ಕೆರೆಯ ನೀರನು’ ತಲೆಯಲ್ಲಿ ಕೂತಿತು, ಆದರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೊದಲು ಗೀತೆಯನ್ನು ಇದ್ದ ಹಾಗೇ ಪಿಯಾನೋದಲ್ಲಿ ನುಡಿಸಿ, ಕೆಳಗೆ ತಂತಿವಾದ್ಯ ಹರಡಿದೆ. ಶಾಲೆಯ ವಾರ್ಷಿಕೋತ್ಸವದ ಹಾಗಿತ್ತು. ಕೊಳಲಿಗೆ ಕೊಟ್ಟೆ, ವಾರ್ಷಿಕೋತ್ಸವದಲ್ಲಿ ಕೊಳಲು. ಹೀಗೆ ಮಾಡಿ ಮಾಡಿ ಒಂದು ಪೂರ್ತಿ ಟ್ರ್ಯಾಕ್ ಬಿಸಾಕಿದೆ, ಪ್ರೋಗ್ರಾಮಿಂಗ್ ಸೇರಿ ಮೂವತ್ತೈದು ನಲವತ್ತು ಸಾವಿರದ ಕೆಲಸ.

ಒಂದು ಸಂಜೆ ನನ್ನ ಕೀಬೋರ್ಡ್ ಹುಡುಗ ಗೀತೆಯ ಕೆಳಗೆ ಕೂರುವ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗುಚ್ಛ) ಹುಡುಕುತ್ತಾ ಕೂತಿದ್ದ. ಅವನು ಚರ್ಚ್ ಗಾಯಕವೃಂದದಲ್ಲಿ ಬೆಳೆದವನು. ಮಲಹರಿ ಎಂದರೆ ಯಾವ ತಾಲ್ಲೂಕು ಎನ್ನುವವನು. ಅದೇ ಒಳ್ಳೆಯದಾಯಿತು. ಟ್ರ್ಯಾಕ್ ಒಂದು ಮನೆ ಶ್ರುತಿಯಲ್ಲಿತ್ತು, ಅಂದರೆ ಆಧಾರ ಸ್ವರವಾದ ಷಡ್ಜ ಕೀಬೋರ್ಡಿನ ಸಿ. ಸಿ ಮೇಜರ್ ಹಿಡಿದ, ಕೂರಲಿಲ್ಲ. ಮಲಹರಿಯ ಗಾಂಧಾರ ಅವರೋಹಣಕ್ಕೆ ಮಾತ್ರ ಬರುವುದು, ಈ ಸಾಲಿನಲ್ಲಿ ಅದಿಲ್ಲ. ಎಫ್ ಮೈನರ್ ಹಿಡಿದ, ಕೂತಿತು, ಆದರೆ ಸಾವಿನ ಮನೆಯ ಹಾಗಾಯಿತು. ಆಮೇಲೆ ಯಾವ ಯೋಚನೆಯೂ ಇಲ್ಲದೆ ಅರ್ಧ ಮನೆ ಮೇಲಿನ ಸಿ ಶಾರ್ಪ್ ಮೇಜರ್ ಒತ್ತಿದ. ನಾನು ಕಾಫಿ ಕುಡಿಯುತ್ತಿದ್ದೆ. ಲೋಟ ಇಟ್ಟು, ‘ಅದನ್ನೇ ಹಿಡಿದುಕೋ, ಬಿಡಬೇಡ’ ಎಂದೆ.

ಆದದ್ದೇನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅವನು ಮಲಹರಿಯ ಶುದ್ಧ ರಿಷಭವನ್ನು ಷಡ್ಜ ಮಾಡಿಬಿಟ್ಟಿದ್ದ. ಹಳೆಯ ಷಡ್ಜ ಕಾಕಲಿ ನಿಷಾದವಾಯಿತು, ಮಧ್ಯಮ ಅಂತರ ಗಾಂಧಾರವಾಯಿತು, ಪಂಚಮ ಪ್ರತಿಮಧ್ಯಮವಾಯಿತು, ಧೈವತ ಪಂಚಮವಾಯಿತು. ಸ ಗ ಮ ಪ ನಿ, ಅಮೃತವರ್ಷಿಣಿ! ‘ದ ಸ ಸ, ದ ಪ, ಮ ಪ’ ಒಂದು ಸ್ವರವೂ ಅಲುಗದೆ ‘ಪ ನಿ ನಿ, ಪ ಮ, ಗ ಮ’ ಆಗಿ ಕೂತಿತ್ತು. ಮುಂದಿನ ‘ದ ದ ಪ, ಮ ಮ, ಪ’ ಎಂಬುದು ‘ಪ ಪ ಮ, ಗ ಗ, ಮ’. ಕೆರೆಯ ಹಾಡು ಹೋಗಿ ಮಳೆಯ ರಾಗವಾಯಿತು. ಕೈಗಳ ಮೇಲೆ ಕೂದಲು ನಿಂತಿದ್ದವು ಎಂದರೆ ಉತ್ಪ್ರೇಕ್ಷೆಯಲ್ಲ. ಹುಡುಗ ಮಾತ್ರ ‘ತಪ್ಪಾಯಿತಾ ಸಾರ್’ ಎಂದು ನನ್ನನ್ನೇ ನೋಡುತ್ತಿದ್ದ.

ಹೀಗೆ ಷಡ್ಜದ ಜಾಗ ಬದಲಿಸುವ ಗ್ರಹಭೇದವೇನು ಹೊಸದಲ್ಲ, ಆಲಾಪನೆಯಲ್ಲಿ ಅರ್ಧ ನಿಮಿಷ ಮಾಡಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ನನಗೆ ಅಲ್ಲಿಯವರೆಗೆ ಹೊಳೆಯದೆ ಇದ್ದದ್ದು ಇಷ್ಟು: ಒಂದು ರಚನೆಯ ಸ್ವರಗಳನ್ನು ಮುಟ್ಟದೆ, ಕೆಳಗಿನ ಆಧಾರವನ್ನಷ್ಟೇ ಎಳೆದು, ಹೊಸ ಹಾಡು ಪಡೆಯಬಹುದು. ನಾನು ಏಳು ವರ್ಷ ಸ್ವರ ತಿರುಚಿ ಮನೆ ಹಾಗೇ ಇಟ್ಟಿದ್ದೆ. ಮನೆ ಬದಲಿಸಿ ಸ್ವರ ಹಾಗೇ ಇಡಬೇಕಿತ್ತು.

ಮರುದಿನ ಮಲಹರಿಯ ಉಳಿದ ಸ್ವರಗಳ ಮೇಲೂ ಕೂತು ನೋಡಿದೆ. ಮಧ್ಯಮವನ್ನು ಷಡ್ಜ ಮಾಡಿದರೆ ಸ ರಿ ಗ ಪ ದ ಬರುತ್ತದೆ, ಗಾಂಧಾರ ಸಾಧಾರಣ, ಧೈವತ ಶುದ್ಧ. ಬಹಳ ಚೆಂದ. ನಿರ್ದೇಶಕ ಬಂದು ಕೇಳಿ, ‘ನಮ್ಮ ಕೆರೆ ಜಪಾನಿನಲ್ಲಿಲ್ಲ’ ಎಂದ. ತಪ್ಪು ಹೇಳಲಿಲ್ಲ, ಜಪಾನಿನ ಕೊತೊ ವಾದ್ಯದ ಹೆಸರಾಂತ ಶ್ರುತಿಜೋಡಣೆಯೊಂದು ಇವೇ ಸ್ವರಗಳದ್ದು. ಪಂಚಮವನ್ನು ಷಡ್ಜ ಮಾಡಿದರೆ ಹೊಸ ಪಂಚಮವೇ ಇರುವುದಿಲ್ಲ, ಎರಡು ಮಧ್ಯಮಗಳು ಮೈಗೆ ಮೈ ಒತ್ತಿ ನಿಲ್ಲುತ್ತವೆ. ಭೂತದ ಚಿತ್ರ ಸಿಕ್ಕಿದರೆ ಇರಲಿ ಎಂದು ಅದನ್ನು ತೆಗೆದಿಟ್ಟಿದ್ದೇನೆ.

ಒಂದು ತೊಡಕು ಉಳಿದಿತ್ತು. ಗೀತೆ ಇಳಿಯುವಾಗ ‘ದ ಪ ಮ ಗ ರಿ ಸ’ ಎಂದು ಗಾಂಧಾರ ಮುಟ್ಟುತ್ತದೆ. ಹೊಸ ಮನೆಯಲ್ಲಿ ಅದು ಅಂತರ ಗಾಂಧಾರದ ಪಕ್ಕದಲ್ಲೇ ಸಾಧಾರಣ ಗಾಂಧಾರವಾಗಿ ನಿಲ್ಲುತ್ತದೆ. ಅಮೃತವರ್ಷಿಣಿಯಲ್ಲಿ ಅದು ಕರೆಯದೆ ಬಂದ ನೆಂಟ. ಹಾಡುವ ಸಾಲಿನಿಂದ ತೆಗೆದೆ. ಹಾಗೆಂದು ಎಸೆಯಲಿಲ್ಲ, ಹಾಡಿನಲ್ಲಿ ಒಂದೇ ಕಡೆ ಇದೆ. ಎಲ್ಲಿ, ಯಾವ ವಾದ್ಯದಲ್ಲಿ ಎಂದು ಹೇಳುವುದಿಲ್ಲ. ಹಾಡಿನ ಆ ಜಾಗ ಬಂದಾಗ ಜನ ಮೊಬೈಲಿನಿಂದ ತಲೆ ಎತ್ತುವುದನ್ನು ನೋಡಿದ್ದೇನೆ, ಅಷ್ಟು ಸಾಕು.

ಇನ್ನು ಗಾಯಕಿಯ ಕಥೆ. ಶಾಸ್ತ್ರೀಯ ಬೇಕಲ್ಲ ಎಂದು ಹನ್ನೆರಡು ವರ್ಷ ಪಾಠವಾದ ಹುಡುಗಿಯನ್ನು ಕರೆಸಿದೆ. ಉತ್ಸಾಹದಲ್ಲಿ ಗುಟ್ಟು ಹೇಳಿಬಿಟ್ಟೆ, ‘ಇದು ಕೆರೆಯ ನೀರನು, ರಿಷಭದಿಂದ’ ಎಂದು. ಮುಗಿಯಿತು. ಆಕೆಯ ತಲೆಯಲ್ಲಿ ಮಲಹರಿ ಹೊತ್ತಿಕೊಂಡಿತು. ನಿಷಾದಕ್ಕೆ ಬಂದಾಗ ಮೇಲಿನ ಷಡ್ಜದ ಕಡೆ ವಾಲಬೇಕು, ಅಮೃತವರ್ಷಿಣಿಯ ಜೀವವೇ ಅಲ್ಲಿದೆ. ಆಕೆಗೆ ಅದು ಬಾಲ್ಯದ ಷಡ್ಜ, ಬಂದು ಕಾಲು ಚಾಚಿ ಕುಳಿತುಬಿಡುತ್ತಿದ್ದಳು. ಹಿಂದೆ ಮನೆಯಾಗಿದ್ದದ್ದು ಈಗ ಹೊಸ್ತಿಲು ಎಂದು ಎಷ್ಟು ಹೇಳಿದರೂ ಕಂಠ ಕೇಳಲಿಲ್ಲ. ಅದರ ಮೇಲೆ ನನ್ನ ಸಹಾಯಕ ಹಳೆಯ ತಂಬೂರಿ ಟ್ರ್ಯಾಕನ್ನು ಪಲ್ಲವಿಯಲ್ಲಿ ಮಾತ್ರ ಮ್ಯೂಟ್ ಮಾಡಿ ಚರಣದಲ್ಲಿ ಮರೆತಿದ್ದ. ಕೆಳಗೆ ಒಂದು ಮನೆ, ಮೇಲೆ ಒಂದೂವರೆ ಮನೆ. ನಾಲ್ಕು ಗಂಟೆ ಹಾಡಿಸಿ ಕೈ ಚೆಲ್ಲಿದೆ. ಅವಳದೇನೂ ತಪ್ಪಿಲ್ಲ, ಹದಿನೈದು ಸಾವಿರ ಕೊಟ್ಟು ಕಳಿಸಿದೆ.

ಎರಡನೇ ಗಾಯಕಿಗೆ ಏನೂ ಹೇಳಲಿಲ್ಲ. ಸ್ವರ ಬರೆದುಕೊಡಲಿಲ್ಲ, ಸಾಹಿತ್ಯ ಕೊಟ್ಟು ಬಾಯಿಪಾಠ ಮಾಡಿಸಿದೆ, ಶ್ರುತಿಯನ್ನು ಕೆಳಗಿನ ಸ್ಥಾಯಿಯ ಆರು ಮನೆಗೆ ಇಳಿಸಿದೆ, ತಂಬೂರಿಯನ್ನು ಹೊಸದಾಗಿ ಹಾಕಿದೆ. ಮೂರನೇ ಟೇಕ್ ಇಟ್ಟುಕೊಂಡೆವು. ಈ ವಿಧಾನ ಮಾಡಿ ನೋಡುವವರಿಗೆ ನಾನು ಕೊಡುವ ಬುದ್ಧಿಮಾತು ಇದೊಂದೇ: ಮೂಲ ಯಾವುದೆಂದು ಹಾಡು ಮುಗಿಯುವ ತನಕ ಹಾಡುವವರಿಗೆ ಹೇಳಬೇಡಿ. ಮುಗಿದ ಮೇಲೆ ಊರಿಗೆಲ್ಲ ಹೇಳಿ.

ತಾಳದ ಜಗಳ ಹೆಚ್ಚು ದಿನ ನಡೆಯಿತು. ಮೂಲ ಏಳು ಅಕ್ಷರದ್ದು, ಮೂರು-ಎರಡು-ಎರಡು. ನೃತ್ಯ ನಿರ್ದೇಶಕರಿಗೆ ಲೋಕ ಶುರುವಾಗುವುದೇ ‘ಫೈವ್, ಸಿಕ್ಸ್, ಸೆವೆನ್, ಏಯ್ಟ್’ ಎಂಬಲ್ಲಿಂದ. ಏಳಕ್ಕೆ ಹೆಜ್ಜೆ ಹಾಕಿಸು ಎಂದರೆ ಒಂದು ಕಾಲು ಕಡಿದ ಹಾಗೆ ನೋಡಿದರು. ನಿರ್ಮಾಪಕರು ‘ಏಳರ ಲಯ ಜನಕ್ಕೆ ಹಿಡಿಸುವುದಿಲ್ಲ’ ಎಂದು ತೀರ್ಪು ಕೊಟ್ಟರು. ಇದು ನನಗೆ ಸಿಟ್ಟು ತರಿಸಿತು. ಕುಮಾರವ್ಯಾಸನ ಭಾಮಿನಿ ಷಟ್ಪದಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ತಾನೇ ನಡೆಯುವುದು? ‘ಕೆರೆಯ’ ಮೂರು ಮಾತ್ರೆ, ‘ನೀರನು’ ನಾಲ್ಕು, ‘ಕೆರೆಗೆ’ ಮೂರು, ‘ಚೆಲ್ಲಿ’ಯನ್ನು ಎಳೆದರೆ ನಾಲ್ಕು. ಊರೂರಿನ ಗಮಕ ವಾಚನದಲ್ಲಿ ಓದು ಬಾರದವರೂ ಈ ಏಳಕ್ಕೆ ತಲೆದೂಗಿದ್ದಾರೆ. ಇದನ್ನೆಲ್ಲ ಭಾಷಣ ಮಾಡಿದೆ. ನಿರ್ಮಾಪಕರು ಪೂರ್ತಿ ಕೇಳಿಸಿಕೊಂಡು, ‘ಸರಿ, ಎಂಟು ಮಾಡು’ ಎಂದರು.

ಮಾಡಿದೆ, ಆದರೆ ನನ್ನ ದಾರಿಯಲ್ಲಿ. ಕೀಬೋರ್ಡ್ ಕಲಿಯುವ ಮಕ್ಕಳೆಲ್ಲ ಬಾಖ್‌ನದೆಂದು ನುಡಿಸುವ ಜಿ ಮೇಜರ್ ಮಿನ್ಯುಯೆಟ್ ಒಂದಿದೆಯಲ್ಲ, ನಿಜವಾಗಿ ಅದು ಕ್ರಿಸ್ಟಿಯನ್ ಪೆಟ್ಜೋಲ್ಡ್‌ನದು. ಅಮೆರಿಕದವರು 1965ರಲ್ಲಿ ಅದರ ಮೂರರ ನಡೆಯನ್ನು ನಾಲ್ಕಕ್ಕೆ ಹಿಗ್ಗಿಸಿ ಪಾಪ್ ಹಾಡು ಮಾಡಿ ಗೆದ್ದರು. ಒಂದು ಅಕ್ಷರ ಹಿಗ್ಗಿಸಿದರೆ ಹಾಡಿನ ಗುರುತೇ ಬದಲಾಗುತ್ತದೆ ಎಂಬುದು ಅಲ್ಲಿಂದ ಕಲಿತದ್ದು. ನಮ್ಮ ಸಾಹಿತಿ ಬರೆದುಕೊಟ್ಟ ಸಾಲು ‘ಮುಗಿಲ ಬಾಗಿಲು ತೆರೆದ ಮೇಲೆ’. ಇದೂ ಮೂರು-ನಾಲ್ಕೇ. ‘ಮುಗಿಲ’ಕ್ಕೆ ಪ ನಿ ನಿ. ‘ಬಾ’ ಎಂಬಲ್ಲಿ ಪ ಮ ಎಂದು ಎರಡೇ ಅಕ್ಷರವಿತ್ತು, ಮಧ್ಯಮದ ಮೇಲೆ ಇನ್ನೊಂದು ಕಾರ್ವೆ, ಅಂದರೆ ಒಂದು ಅಕ್ಷರದ ಎಳೆತ, ಕೊಟ್ಟು ಮೂರು ಮಾಡಿದೆ. ‘ಗಿಲು’ವಿಗೆ ಗ ಮ. ಮೂರು-ಮೂರು-ಎರಡು ಆಯಿತು, ಎಂಟು. ಈ ಮೂರು-ಮೂರು-ಎರಡರ ಮೇಲೆ ಅರ್ಧ ಪ್ರಪಂಚದ ಪಾಪ್ ಸಂಗೀತ ಕುಣಿಯುತ್ತಿದೆ. ನೃತ್ಯ ನಿರ್ದೇಶಕರು ಮೊದಲ ಸಲಕ್ಕೇ ಭುಜ ಕುಣಿಸಿದರು. ಬಾಗಿಲು ಹೇಗೂ ತೆರೆಯುತ್ತಿತ್ತು, ಪ್ರತಿಮಧ್ಯಮದ ಮೇಲೆ ಆ ಒಂದು ಕಾರ್ವೆ ಕೊಟ್ಟ ಮೇಲೆ ಕಿರ್ರೆಂದು ತೆರೆಯತೊಡಗಿತು.

ಚರಣದಲ್ಲಿ ಯಾರನ್ನೂ ಕೇಳದೆ ಏಳಕ್ಕೆ ಮರಳಿದೆ. ಅದೇ ವೇಗ, ಒಂದು ಅಕ್ಷರ ಕಡಿಮೆ. ಪ್ರೋಗ್ರಾಮಿಂಗ್‌ನಲ್ಲಿ ಎಂಟರಿಂದ ಏಳಕ್ಕೆ ಇಳಿಯುವ ಜಾಗ ಎಡವುತ್ತಿತ್ತು, ತಬಲಾ ಲೈವ್ ನುಡಿಸಿದ ಮೇಲೆ ಸರಿಹೋಯಿತು. ಕುಣಿತವಿಲ್ಲದೆ ಕೆರೆ ಏರಿ, ಮಕ್ಕಳು, ಎಮ್ಮೆಗಳನ್ನು ಚಿತ್ರೀಕರಿಸಿದ್ದರಿಂದ ಗಲಾಟೆ ಆಗಲಿಲ್ಲ. ನಿರ್ಮಾಪಕರಿಗೆ ಚರಣ ಏಳರಲ್ಲಿದೆ ಎಂದು ಇವತ್ತಿಗೂ ಗೊತ್ತಿಲ್ಲ.

ಪಿಟೀಲು ವಿದ್ವಾಂಸರನ್ನು ಒಲಿಸುವುದು ಬಾಕಿ ಇತ್ತು. ‘ಗೀತೆ ಮಲಹರಿಗೇ ಹುಟ್ಟಿದ್ದು, ಬೇರೆ ರಾಗದಲ್ಲಿ ಹಾಡುವುದು ಅಪಚಾರ’ ಎಂಬುದು ಅವರ ವಾದ. ಇಳಯರಾಜ ‘ಸಿಂಧು ಭೈರವಿ’ ಚಿತ್ರದಲ್ಲಿ ಕಾಂಭೋಜಿ ರಾಗದ ತ್ಯಾಗರಾಜ ಕೃತಿಯನ್ನು ಸಾರಮತಿ ರಾಗದಲ್ಲಿ ಹಾಡಿಸಲಿಲ್ಲವೇ ಎಂದೆ. ‘ಆಗಲೂ ನನಗೆ ಒಪ್ಪಿಗೆ ಇರಲಿಲ್ಲ’ ಎಂದರು. ದೀಕ್ಷಿತರ ಹೆಸರು ತೆಗೆದೆ. ಮದರಾಸಿನ ಇಂಗ್ಲಿಷರ ಬ್ಯಾಂಡ್ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೊಟ್ಟುಸ್ವರ ಮಾಡಿದವರು ಅವರೇ; ‘ಸಂತತಂ ಪಾಹಿಮಾಂ’ ಎಂಬುದು ಬ್ರಿಟಿಷರ ರಾಷ್ಟ್ರಗೀತೆಯದೇ ಮಟ್ಟು. ಆ ದೊರೆಯನ್ನು ಹೊಗಳುವ ಮಟ್ಟಿನಲ್ಲಿ ದೇವಿಯನ್ನು ಕೂರಿಸಬಹುದಾದರೆ, ಮಲಹರಿಯ ಸ್ವರದಲ್ಲಿ ಅದೇ ದೀಕ್ಷಿತರು ಹಾಡಿ ಮಳೆ ತರಿಸಿದರೆಂಬ ರಾಗ ಕೂರಬಾರದೇ? ವಿದ್ವಾಂಸರು ಉತ್ತರ ಕೊಡಲಿಲ್ಲ. ರೆಕಾರ್ಡಿಂಗ್ ದಿನ ಬಂದರು, ಚರಣದ ಏಳಕ್ಕೆ ಬಿಲ್ಲು ಹಿಡಿದವರು ಬರೆದುಕೊಟ್ಟದ್ದಕ್ಕಿಂತ ಎಂಟು ಆವರ್ತ ಹೆಚ್ಚು ನುಡಿಸಿದರು. ಅದನ್ನು ಕತ್ತರಿಸಲು ಮನಸ್ಸಾಗದೆ ಎರಡನೇ ಇಂಟರ್‌ಲೂಡ್ ಉದ್ದವಾಯಿತು. ಮಾಮೂಲಿ ಪೇಮೆಂಟಿನ ಮೇಲೆ ಐನೂರು ಹೆಚ್ಚು ಕೇಳಿದರು, ಕೊಟ್ಟೆ.

ಅತಿ ಹೆಚ್ಚು ಕಾಲ ತಿಂದದ್ದು ಒಂದು ಸಾಲಿನ ಟೈಟಲ್ ಕಾರ್ಡ್. ‘ಪುರಂದರದಾಸರ ಪಿಳ್ಳಾರಿ ಗೀತೆಯ ಆಧಾರದ ಮೇಲೆ’ ಎಂದು ಹಾಕಬೇಕು ಎಂದೆ. ನಿರ್ಮಾಪಕರು, ‘ಯಾರಿಗೂ ಗೊತ್ತಾಗದ ಕಳ್ಳತನವನ್ನು ನೀನೇ ಠಾಣೆಗೆ ಹೋಗಿ ಹೇಳುತ್ತೀಯ’ ಎಂದರು. ನಮ್ಮ ಉದ್ಯಮದ ಸ್ವಭಾವ ಇದು. ಎತ್ತಿದ್ದನ್ನು ಬಚ್ಚಿಡುತ್ತೇವೆ, ಸಿಕ್ಕಿಬಿದ್ದಾಗ ‘ಸ್ಫೂರ್ತಿ’ ಎನ್ನುತ್ತೇವೆ. ಬಂಗಾಳಿಗಳನ್ನು ನೋಡಿ. ಸರಳಾದೇವಿ ನಮ್ಮ ಮೈಸೂರಿನ ಮಹಾರಾಣಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಸಂಗ್ರಹಿಸಿ ಕೊಂಡೊಯ್ದ ಮಟ್ಟುಗಳ ಮೇಲೆ ಅವರ ಸೋದರಮಾವ ರವೀಂದ್ರನಾಥ ಠಾಕೂರರು ಹಾಡು ಕಟ್ಟಿದರು. ಅಂಥವುಗಳಿಗೆ ‘ಭಾಂಗಾ ಗಾನ್’, ಮುರಿದು ಕಟ್ಟಿದ ಹಾಡು ಎಂದು ಹೆಸರಿಟ್ಟು, ಯಾವುದು ಯಾವುದರಿಂದ ಎಂದು ಪಟ್ಟಿ ಮಾಡಿಟ್ಟುಕೊಂಡಿದ್ದಾರೆ. ಠಾಕೂರರ ಗೌರವ ಒಂದು ಗುಲಗಂಜಿ ಕಡಿಮೆಯಾಗಿಲ್ಲ.

ಅಷ್ಟರಲ್ಲಿ 2025ರ ಏಪ್ರಿಲ್ ಬಂತು. ಡಾಗರ್ ಮನೆತನದ ಧ್ರುಪದ್ ಗಾಯಕರು ಎ. ಆರ್. ರೆಹಮಾನ್ ಮೇಲೆ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ, ಆ ಮನೆತನದವರ ರಚನೆ ಎನ್ನಲಾದ ‘ಶಿವಸ್ತುತಿ’ಯ ಹೆಸರು ಹಾಕಿ, 2 ಕೋಟಿ ಠೇವಣಿ ಇಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಪತ್ರಿಕೆ ಕೈಯಲ್ಲಿ ಹಿಡಿದೇ ನಿರ್ಮಾಪಕರು ನನ್ನ ಮನೆಗೆ ಬಂದರು. ಕಾರ್ಡ್ ಬೇಡ ಎಂದವರು ಈಗ ಹಾಡೇ ಬೇಡ ಎಂದರು. ಅಲ್ಲಿ ಪ್ರಶ್ನೆ ಇದ್ದದ್ದು ಇತ್ತೀಚಿನ ತಲೆಮಾರಿನ ಕಲಾವಿದರ ರಚನೆಯ ಬಗ್ಗೆ, ನಮ್ಮದು 1564ಕ್ಕೆ ಮುಂಚಿನದು ಎಂದು ನನ್ನ ನೋಟ್‌ಬುಕ್ ತೋರಿಸಿದೆ. ನಂಬಲಿಲ್ಲ. ಎಂಟು ಸಾವಿರ ಕೊಟ್ಟು ವಕೀಲರಿಂದ ಒಂದು ಪುಟದ ಅಭಿಪ್ರಾಯ ಬರೆಸಿದೆ. ನಾನು ಹೇಳಿದ್ದನ್ನೇ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು, ಆಗ ನಂಬಿದರು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಆ ಮಧ್ಯಂತರ ಆದೇಶವನ್ನು ರದ್ದುಪಡಿಸಿತು. ಅಷ್ಟು ಹೊತ್ತಿಗೆ ನಿರ್ಮಾಪಕರೇ ಟೈಟಲ್ ಕಾರ್ಡಿನ ಅಕ್ಷರ ದೊಡ್ಡದು ಮಾಡಿಸಿದ್ದರು. ಆಡಿಯೋ ಒಪ್ಪಂದದಲ್ಲಿ ‘ಸಂಪೂರ್ಣ ಸ್ವಂತ ರಚನೆ, ವ್ಯಾಜ್ಯ ಬಂದರೆ ಸಂಗೀತ ನಿರ್ದೇಶಕನೇ ಹೊಣೆ’ ಎಂಬ ಸಾಲಿರುತ್ತದಲ್ಲ, ಅದಕ್ಕೂ ‘ಪಿಳ್ಳಾರಿ ಗೀತೆಯ ಸ್ವರಾಧಾರ ಹೊರತುಪಡಿಸಿ’ ಎಂದು ಸೇರಿಸಿದ ಮೇಲೆಯೇ ಸಹಿ ಹಾಕಿದೆ. ಮೂರು ವಾರ ಹಿಡಿಯಿತು. ಈ ಸಾಲನ್ನು ಓದದೆ ಸಹಿ ಹಾಕುವ ಗೆಳೆಯರು ನನಗೆ ಹತ್ತು ಜನ ಗೊತ್ತು.

ಗೀತೆ ಮೂಲ ರೂಪದಲ್ಲಿ ಒಂದು ಕಡೆ ಕೇಳಿಸುತ್ತದೆ, ಅದು ಗುಟ್ಟಲ್ಲ. ಕೊನೆಯ ಪಲ್ಲವಿಗೆ ಮುಂಚೆ ಎಲ್ಲ ವಾದ್ಯ ನಿಂತು ತಂಬೂರಿ ಅರ್ಧ ಮನೆ ಕೆಳಗೆ ಜಾರುತ್ತದೆ, ವೀಣೆ ಒಂದೇ ಆವರ್ತ ‘ದ ಸ ಸ, ದ ಪ, ಮ ಪ’ ಎನ್ನುತ್ತದೆ, ಅಪ್ಪಟ ಮಲಹರಿ. ಮತ್ತೆ ತಂಬೂರಿ ಮೇಲೇರಿ ಅದೇ ಸ್ವರಗಳು ಮಳೆಯಾಗುತ್ತವೆ. ಚಿತ್ರಮಂದಿರದಲ್ಲಿ ಇದು ಹನ್ನೊಂದು ಸೆಕೆಂಡು. ಈ ಹನ್ನೊಂದು ಸೆಕೆಂಡಿಗೆ ವೀಣೆಯವರಿಗೆ ಹತ್ತು ಸಾವಿರ.

ಲೆಕ್ಕ ಕೇಳುವವರಿಗಾಗಿ: ನಾಲ್ಕು ಹಾಡು, ಹಿನ್ನೆಲೆ ಸಂಗೀತ ಸೇರಿ 11 ಲಕ್ಷದ ಪ್ಯಾಕೇಜ್. ಈ ಹಾಡಿಗೆ ಒಂದೂವರೆ ಲಕ್ಷ ಎಂದುಕೊಂಡಿದ್ದೆ, ಎರಡು ಮುಕ್ಕಾಲರ ಹತ್ತಿರ ಹೋಯಿತು. ಬಿಸಾಕಿದ ಟ್ರ್ಯಾಕ್ ನಲವತ್ತು ಸಾವಿರ, ಇಬ್ಬರು ಗಾಯಕಿಯರು ಸೇರಿ ನಲವತ್ತು, ಸ್ಟುಡಿಯೋ ಇಪ್ಪತ್ತೆರಡು ಗಂಟೆಗೆ ಇಪ್ಪತ್ತಾರು ಸಾವಿರದಷ್ಟು, ಮಿಕ್ಸಿಂಗ್ ಮಾಸ್ಟರಿಂಗ್ ಮೂವತ್ತೈದು. ತಂತಿವಾದ್ಯಕ್ಕೆ ನಾಲ್ಕೇ ಪಿಟೀಲು. ಕೇಳಿದರೆ ಹದಿನಾರು ಇದ್ದ ಹಾಗಿದೆ. ಒಂದರ ಮೇಲೊಂದು ಮೂರು ಸಲ ಡಬ್ ಮಾಡಿದೆ ಎಂದು ಎಲ್ಲರಿಗೂ ಹೇಳುತ್ತೇನೆ. ಬರೀ ಡಬ್ ಮಾಡಿದರೆ ಹಾಗೆ ಕೇಳುವುದಿಲ್ಲ ಎಂದು ಮಾಡಿ ನೋಡಿದವರಿಗೆ ತಿಳಿದೀತು, ಉಳಿದದ್ದು ನನ್ನ ಹತ್ತಿರವೇ ಇರಲಿ. ಉಳಿದ ಸಣ್ಣಪುಟ್ಟ ಸೇರಿ ಮಿತಿ ಮೀರಿದ್ದರಲ್ಲಿ ಅರ್ಧ ನಿರ್ಮಾಪಕರು ತುಂಬಿದರು, ಹನ್ನೊಂದು ಸಾವಿರ ಇನ್ನೂ ಕೊಟ್ಟಿಲ್ಲ. ರಾಯಲ್ಟಿಯನ್ನು ಬರೆದುಕೊಟ್ಟುಬಿಡುವಂತಿಲ್ಲ ಎಂದು ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ ಕಾಪಾಡಿದೆ. ಹನಿ ಹನಿಯಾಗಿ ಬರುತ್ತಿದೆ, ಕೆರೆ ತುಂಬುವಷ್ಟಿಲ್ಲ.

ಹಾಡು ಓಡಿದ ಮೇಲೆ ಅದೇ ನಿರ್ಮಾಪಕರು ಫೋನ್ ಮಾಡಿ, ‘ಆ ಪುಸ್ತಕದಲ್ಲಿ ಇನ್ನೆಷ್ಟು ಗೀತೆ ಇವೆ?’ ಎಂದು ಕೇಳಿದರು. ಈಗ ‘ಕುಂದ ಗೌರ’ ಹಿಡಿದು ಕೂತಿದ್ದೇನೆ. ಅದೂ ಮಲಹರಿಯೇ, ರೂಪಕ ತಾಳ. ರಿಷಭದ ಮೇಲೆ ಕೂತರೆ ಮತ್ತೆ ಅಮೃತವರ್ಷಿಣಿಯೇ ಬರುತ್ತದೆ, ಅದು ಬೇಡ. ಈ ಸಲ ಮನೆ ಎಲ್ಲಿ ಎಂದು ಕೀಬೋರ್ಡ್ ಹುಡುಗನಿಗೂ ಹೇಳಿಲ್ಲ, ಹುಡುಕಲಿ. ಎರಡು ಟ್ರ್ಯಾಕ್ ಆಗಲೇ ಬಿಸಾಕಿದ್ದೇನೆ. ವಿದ್ವಾಂಸರು ಮೊನ್ನೆ ಬಂದು ಕೇಳಿ, ‘ಇದು ಆಗುವುದಿಲ್ಲ’ ಎಂದು ಹೇಳಿ ಹೋಗಿದ್ದಾರೆ.